ಬೀಗದಕೈ ಯಾರ ಬಳಿ? ಮಿಸ್ಕಿಟೊ ಹಳ್ಳಿಗಳಲ್ಲಿ ಮಿಷನ್ ಕಟ್ಟಿದ್ದೂ ಬಿಟ್ಟುಹೋದದ್ದೂ

ಮಧ್ಯ ಅಮೆರಿಕದ ನಿಕರಾಗುವಾ ಮತ್ತು ಹೊಂಡುರಾಸ್ ದೇಶಗಳ ನಡುವೆ ಗಡಿಯಾಗಿ ಒಂದು ದೊಡ್ಡ ನದಿ ಹರಿಯುತ್ತದೆ. ನಕ್ಷೆಯಲ್ಲಿ ಅದರ ಹೆಸರು ಕೋಕೋ. ದಡದಲ್ಲಿ ಬದುಕುವ ಮಿಸ್ಕಿಟೊ ಜನ ಅದನ್ನು ವಾಂಗ್ಕಿ ಎನ್ನುತ್ತಾರೆ. ನದಿಯ ಮುಖ್ಯ ಪೇಟೆ ವಾಸ್ಪಾಮ್. ಅಲ್ಲಿಂದ ಮೇಲ್ದಂಡೆಯ ಹಳ್ಳಿಗೆ ಎಷ್ಟು ದೂರ ಎಂದು ಕೇಳಿದರೆ ಕಿಲೋಮೀಟರ್ ಲೆಕ್ಕದಲ್ಲಿ ಉತ್ತರ ಬರುವುದಿಲ್ಲ, ದೋಣಿಯ ಮೋಟಾರಿಗೆ ಎಷ್ಟು ಪೆಟ್ರೋಲ್ ಬೇಕು ಎಂಬ ಲೆಕ್ಕದಲ್ಲಿ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ದೋಣಿಯನ್ನು ಕಲ್ಲುಗಳ ಮೇಲೆ ಎಳೆಯಬೇಕು, ಮಳೆಗಾಲದಲ್ಲಿ ಪ್ರವಾಹದ ಎದುರು ಏರಬೇಕು. ಒಂದು ಮೂಟೆ ಸಿಮೆಂಟ್ ಹಳ್ಳಿಗೆ ತಲುಪುವ ಹೊತ್ತಿಗೆ ಅದರ ಬೆಲೆಗಿಂತ ಸಾಗಣೆಯದೇ ಹೆಚ್ಚಾಗಿರುತ್ತದೆ. ಹೊಂಡುರಾಸ್ ಬದಿಯಲ್ಲಿ ಸ್ಥಿತಿ ಇನ್ನೂ ಬಿಗಿ. ಗ್ರಾಸಿಯಸ್ ಆ ದಿಯೋಸ್ ಪ್ರಾಂತ್ಯದ ಮುಖ್ಯಪಟ್ಟಣ ಪ್ಯೂರ್ಟೊ ಲೆಂಪಿರಾವನ್ನು ದೇಶದ ಉಳಿದ ಭಾಗಕ್ಕೆ ಜೋಡಿಸುವ ರಸ್ತೆಯೇ ಇಲ್ಲ. ಹೋಗುವುದಾದರೆ ಸಣ್ಣ ವಿಮಾನ, ಇಲ್ಲವೇ ಹಡಗು.

ಈ ಇಡೀ ಕರಾವಳಿ ಪ್ರದೇಶಕ್ಕೆ ಮೊಸ್ಕಿಟಿಯಾ ಎಂದು ಹೆಸರು. ಹೆಸರು ಕೇಳಿ ಸೊಳ್ಳೆ ನೆನಪಾಗುವುದು ಸಹಜ. ಅಲ್ಲಿ ಸೊಳ್ಳೆಗಳಿಗೇನೂ ಬರವಿಲ್ಲ, ಆದರೆ ಹೆಸರು ಬಂದದ್ದು ಅವುಗಳಿಂದಲ್ಲ ಎನ್ನುತ್ತಾರೆ. ಇಂಥ ಊರಿಗೆ ಹೋದರೆ ಕಾಣುವುದು ಕಂಬಗಳ ಮೇಲೆ ನಿಂತ ಹಲಗೆಯ ಮನೆಗಳು, ಬಾಳೆ ಗಿಡಗಳು, ಒಂದು ಶಾಲೆ, ನಡುವೆ ತಗಡಿನ ಮಾಡಿನ ಒಂದು ಚರ್ಚು. ಆಸ್ಪತ್ರೆ, ಕುಡಿಯುವ ನೀರು, ಅಕ್ಷರ, ಚಂಡಮಾರುತದ ಪರಿಹಾರ ಹೀಗೆ ಹೊರಗಿನಿಂದ ಬಂದ ಬಹುತೇಕ ಎಲ್ಲವೂ ಆ ಚರ್ಚಿನ ಬಾಗಿಲಿನ ಮೂಲಕವೇ ಊರೊಳಗೆ ಬಂದಿವೆ. ಅದು ಹಾಗೇಕಾಯಿತು, ಬಂದವುಗಳಲ್ಲಿ ಯಾವುದು ಉಳಿಯಿತು, ಯಾವುದು ತುಕ್ಕು ಹಿಡಿಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1849ರಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಪಂಥದ ಮೂವರು ಮಿಷನರಿಗಳು ಬ್ಲೂಫೀಲ್ಡ್ಸ್ ಬಂದರಿನಲ್ಲಿ ಇಳಿದರು: ಫೈಫರ್, ಲುಂಡ್‌ಬರ್ಗ್, ಕಾಂಡ್ಲರ್. ಆಗ ಆ ಕರಾವಳಿಗೆ ತನ್ನದೇ ಮಿಸ್ಕಿಟೊ ರಾಜನಿದ್ದ, ಅವನ ಹಿಂದೆ ಬ್ರಿಟಿಷರ ನೆರಳಿತ್ತು. ಮೊರೇವಿಯನ್ನರ ಕೇಂದ್ರ ಜರ್ಮನಿಯ ಹೆರ್ನ್‌ಹುಟ್ ಎಂಬ ಸಣ್ಣ ಊರು. ಈ ಬಗೆಯ ಮಿಷನ್ ನಮಗೆ ಅಪರಿಚಿತವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೂಡ ಜರ್ಮನ್ ಭಾಷಿಕ ಪ್ರೊಟೆಸ್ಟಂಟರ ಅದೇ ಭಕ್ತಿಮಾರ್ಗದ ಮಣ್ಣಿನಿಂದ ಬಂದದ್ದು. ಊರಿನ ಭಾಷೆ ಕಲಿ, ನಿಘಂಟು ಮಾಡು, ಶಾಲೆ ತೆರೆ, ಕೈಗೊಂದು ಕಸುಬು ಕೊಡು ಎನ್ನುವ ಕ್ರಮ ಎರಡಕ್ಕೂ ಸಮಾನ. ಆದರೆ ಒಂದು ವ್ಯತ್ಯಾಸ ದೊಡ್ಡದು. ಮಂಗಳೂರಿನಲ್ಲಿ ಮತಾಂತರವಾದವರು ಜಾತಿಯನ್ನೂ ಅದರ ಜೊತೆಗೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಹಾಗಾಗಿ ಮಿಷನ್ನೇ ನೇಯ್ಗೆಯ ಮಗ್ಗ, ಹೆಂಚಿನ ಕಾರ್ಖಾನೆ ಹೂಡಬೇಕಾಯಿತು. ಮಿಸ್ಕಿಟೊ ಕರಾವಳಿಯಲ್ಲಿ ಹಾಗಾಗಲಿಲ್ಲ. 1881ರಲ್ಲಿ ಶುರುವಾದ, ಅವರು ಮಹಾ ಜಾಗೃತಿ ಎಂದು ಕರೆಯುವ ಧಾರ್ಮಿಕ ಅಲೆಯಲ್ಲಿ ಊರಿಗೆ ಊರೇ ಕ್ರೈಸ್ತ ಸಭೆಗೆ ಸೇರಿತು. ಯಾರೂ ಹೊರಗೆ ಬೀಳಲಿಲ್ಲ, ಆದ್ದರಿಂದ ಬೇರೆ ಆರ್ಥಿಕತೆಯನ್ನು ಕಟ್ಟಬೇಕಾಗಲಿಲ್ಲ. ಚೆದುರಿದ್ದ ಮನೆಗಳು ಚರ್ಚಿನ ಸುತ್ತ ಬಂದು ನಿಂತವು. ಹಳ್ಳಿ ಮತ್ತು ಸಭೆ ಒಂದೇ ಆದವು. ಮುಂದಿನ ಎಲ್ಲ ಯೋಜನೆಗಳ ಬಲವೂ ಬಿಕ್ಕಟ್ಟೂ ಇಲ್ಲೇ ಹುಟ್ಟಿದ್ದು ಎಂಬುದು ನನ್ನ ಓದು.

ಕೊಟ್ಟದ್ದರ ಜೊತೆಗೆ ಕಿತ್ತುಕೊಂಡದ್ದೂ ಉಂಟು. ಮರಗೆಣಸನ್ನು ಹುಳಿಸಿ ಮಾಡುತ್ತಿದ್ದ ಮಿಶ್ಲಾ ಎಂಬ ಪಾನೀಯ, ಸತ್ತವರಿಗಾಗಿ ನಡೆಸುತ್ತಿದ್ದ ಕುಣಿತದ ಹಬ್ಬ, ಸುಕಿಯಾ ಎಂಬ ಮಂತ್ರವೈದ್ಯ ಎಲ್ಲವೂ ಪಾಪದ ಪಟ್ಟಿಗೆ ಸೇರಿದವು. ಆದರೆ ಭಾಷೆ ಉಳಿಯಿತು. 1894ರಲ್ಲಿ ನಿಕರಾಗುವಾ ಈ ಕರಾವಳಿಯನ್ನು ಸೇನೆಯ ಬಲದಿಂದ ತನ್ನೊಳಗೆ ಸೇರಿಸಿಕೊಂಡಿತು. ಬಳಿಕ ಪಾಠವೆಲ್ಲ ಸ್ಪ್ಯಾನಿಷ್‌ನಲ್ಲೇ ಆಗಬೇಕೆಂಬ ಆಜ್ಞೆ ಬಂದು ಮಿಷನ್ ಶಾಲೆಗಳು ಕೆಲವು ವರ್ಷ ಮುಚ್ಚಿದವು. ಆಗಲೂ ಪ್ರಾರ್ಥನೆ, ಹಾಡು, ಪ್ರವಚನಗಳು ಮಿಸ್ಕಿಟೊ ಭಾಷೆಯಲ್ಲೇ ನಡೆದವು. ಓದು ಬರಹ ಕಲಿತವನು ಚರ್ಚಿನಲ್ಲಿ ಕಲಿತ, ಲೆಕ್ಕಪತ್ರ ಬರೆಯುವುದನ್ನು ಕಾಣಿಕೆಯ ಪುಸ್ತಕದಲ್ಲಿ ಕಲಿತ. ಸರ್ಕಾರ ಇಲ್ಲದ ಊರಿನಲ್ಲಿ ಅದೇ ಕಚೇರಿಯಾಯಿತು.

ಆರೋಗ್ಯದ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. 1930ರ ದಶಕದಲ್ಲಿ ಡಾಕ್ಟರ್ ಡೇವಿಡ್ ಥೇಲರ್ ಎಂಬ ಮೊರೇವಿಯನ್ ವೈದ್ಯರು ವಾಸ್ಪಾಮ್ ಬಳಿಯ ಬಿಲ್ವಾಸ್‌ಕರ್ಮ ಎಂಬ ಹಳ್ಳಿಯಲ್ಲಿ ಆಸ್ಪತ್ರೆ ಕಟ್ಟಿದರು. (ಕನ್ನಡದ ಕಿವಿಗೆ ಈ ಹೆಸರು ಸಂಸ್ಕೃತದಂತೆ ಕೇಳಿಸುತ್ತದೆ. ನಮ್ಮ ಬಿಲ್ವಕ್ಕೂ ಕರ್ಮಕ್ಕೂ ಅದಕ್ಕೂ ಯಾವ ನಂಟೂ ಇಲ್ಲ.) ಕಟ್ಟಡಕ್ಕಿಂತ ಮುಖ್ಯವಾದದ್ದು ಆ ಆವರಣದಲ್ಲಿ ನಡೆದ ನರ್ಸಿಂಗ್ ತರಬೇತಿ. ನದಿಯ ಹಳ್ಳಿಗಳ ಹುಡುಗಿಯರು ಅಲ್ಲಿ ಕಲಿತರು. ಮಲೇರಿಯಾ, ಕ್ಷಯ, ಹೆರಿಗೆಯ ತೊಡಕು, ಹಾವಿನ ಕಡಿತ ಇವೆಲ್ಲಕ್ಕೂ ಔಷಧದ ಜೊತೆಗೆ ರೋಗಿಯ ಭಾಷೆಯಲ್ಲಿ ಮಾತನಾಡುವ ಒಬ್ಬರು ಬೇಕು. ಮಿಸ್ಕಿಟೊ ನಂಬಿಕೆಯಲ್ಲಿ ಎಷ್ಟೋ ರೋಗಗಳು ಬರುವುದು ನೀರಿನ, ಕಾಡಿನ ಒಡೆಯರಿಂದ. ಅದನ್ನು ನಕ್ಕು ತಳ್ಳಿಹಾಕುವ ಡಾಕ್ಟರ ಮಾತ್ರೆಗೆ ಬೆಲೆ ಕಡಿಮೆ. ಆ ಊರಿನವಳೇ ಆದ ನರ್ಸ್‌ಗೆ ಎರಡೂ ಲೋಕ ಗೊತ್ತು. ಹೊಂಡುರಾಸ್ ಬದಿಯಲ್ಲಿ ಪಾತುಕಾ ನದಿಯ ಬಳಿಯ ಅವಾಸ್ ಎಂಬ ಊರಿನಲ್ಲೂ ಮೊರೇವಿಯನ್ ಕ್ಲಿನಿಕ್ ಹೀಗೆಯೇ ಬೆಳೆಯಿತು.

ಕ್ಯಾಥೊಲಿಕ್ ಕಡೆಯಿಂದ ಕಪೂಚಿನ್ ಎಂಬ ಸಂನ್ಯಾಸಿ ಸಂಘದ ಪಾದ್ರಿಗಳು ಬಂದರು. ಅವರಲ್ಲಿ ಗ್ರೆಗರಿ ಸ್ಮುಟ್ಕೊ ಎಂಬವರ ಹೆಸರನ್ನು ಹೇಳಲೇಬೇಕು. ನದಿಯ ರೈತರು ಅಕ್ಕಿ, ಬೀನ್ಸ್ ಕಾಳನ್ನು ವಾಸ್ಪಾಮಿನ ವ್ಯಾಪಾರಿಗಳಿಗೆ ಅವರು ಹೇಳಿದ ಬೆಲೆಗೆ ಮಾರುತ್ತಿದ್ದರು. ಉಪ್ಪು, ಬಟ್ಟೆ, ಸೀಮೆಎಣ್ಣೆಯನ್ನು ಅದೇ ವ್ಯಾಪಾರಿಯಿಂದ ಸಾಲಕ್ಕೆ ತರುತ್ತಿದ್ದರು. ಒಟ್ಟಾಗಿ ಮಾರಿದರೆ ಬೆಲೆ ಕೇಳಬಹುದು ಎಂಬ ಸರಳ ಲೆಕ್ಕದಿಂದ 1967ರಲ್ಲಿ ರೈತ ಕ್ಲಬ್ಬುಗಳ ಒಕ್ಕೂಟವೊಂದು ಹುಟ್ಟಿತು. ಅದರ ಹಿಂದೆ ಈ ಕಪೂಚಿನ್ನರ ಒತ್ತಾಸೆಯಿತ್ತು. ವ್ಯಾಪಾರವಾಗಿ ಅದು ಬಹಳ ಕಾಲ ಬಾಳಲಿಲ್ಲ. ಆದರೆ ಬೇರೆ ಬೇರೆ ಹಳ್ಳಿಯವರು ಒಂದೆಡೆ ಕುಳಿತು ಲೆಕ್ಕ ಕೇಳುವ ಅಭ್ಯಾಸ ಉಳಿಯಿತು. 1970ರ ದಶಕದಲ್ಲಿ ಮೊರೇವಿಯನ್ ಪಾಸ್ಟರುಗಳೂ ಸೇರಿ ಕಟ್ಟಿದ ಆಲ್ಪ್ರೊಮಿಸು, 1979ರಲ್ಲಿ ಅದರ ಜಾಗಕ್ಕೆ ಬಂದ ಮಿಸುರಸಾತಾ ಎಂಬ ಮೂಲನಿವಾಸಿ ಸಂಘಟನೆಗಳು ನಡೆದದ್ದು ಈ ಅಭ್ಯಾಸದ ಮೇಲೆಯೇ. ಅಕ್ಕಿ ಮಾರಲು ಕಲಿತವರು ನೆಲದ ಹಕ್ಕು ಕೇಳಿದರು. ಅಭಿವೃದ್ಧಿ ಯೋಜನೆಗೂ ರಾಜಕೀಯಕ್ಕೂ ಸಂಬಂಧವಿಲ್ಲ ಎನ್ನುವವರು ಈ ಹತ್ತು ಹನ್ನೆರಡು ವರ್ಷಗಳನ್ನು ಓದಿಲ್ಲ.

ಇನ್ನು ಹಳ್ಳಿಯೊಳಗಿನ ವ್ಯವಸ್ಥೆ. ಇದು ತಿಳಿಯದೆ ಯಾವ ಯೋಜನೆಯೂ ಅರ್ಥವಾಗುವುದಿಲ್ಲ. ಊರಿಗೆ ವಿಹ್ತಾ ಎಂಬ ಮುಖ್ಯಸ್ಥನಿರುತ್ತಾನೆ, ಜಗಳ ತೀರಿಸುವುದು ಅವನ ಕೆಲಸ. ನೆಲ ಮತ್ತು ಮರದ ವಿಚಾರ ನೋಡುವವನು ಸಿಂಡಿಕೊ. ಇವರ ಜೊತೆಗೆ ಹಿರಿಯರು, ಪಾಸ್ಟರ್, ಶಾಲೆಯ ಮೇಷ್ಟರು. ಭೂಮಿ ಊರಿನದ್ದು, ಬೆಳೆ ಬೆಳೆದವರದ್ದು. ಮದುವೆಯಾದ ಗಂಡು ಸಾಮಾನ್ಯವಾಗಿ ಹೆಂಡತಿಯ ಮನೆಯ ಬಳಿಗೆ ಬಂದು ನೆಲೆಸುತ್ತಾನೆ. ಅಂದರೆ ಊರಿನಲ್ಲಿ ಬೇರೂರಿರುವವರು ತಾಯಿ, ಹೆಣ್ಣುಮಕ್ಕಳು, ಅಜ್ಜಿ. ಗಂಡಸರು ಗಣಿಗೋ ಸಮುದ್ರಕ್ಕೋ ಕೂಲಿಗೆ ಹೋಗಿ ತಿಂಗಳುಗಟ್ಟಲೆ ಬರುವುದಿಲ್ಲ. ಸಮಿತಿ ಮಾಡುವಾಗ ಮಾತ್ರ ಹೊರಗಿನವರು ಗಂಡಸರ ಹೆಸರನ್ನೇ ಬರೆದುಕೊಂಡು ಹೋಗುತ್ತಾರೆ. ಆರು ತಿಂಗಳ ನಂತರ ಬಂದು ನೋಡಿದರೆ ಅಧ್ಯಕ್ಷನೂ ಇಲ್ಲ, ಬೀಗದಕೈಯೂ ಇಲ್ಲ.

ಕೆಲಸ ಹಂಚಿಕೊಳ್ಳುವ ಪದ್ಧತಿಗೆ ಅಲ್ಲಿ ಪಾನಾ ಪಾನಾ ಎನ್ನುತ್ತಾರೆ. ಪಾನಾ ಎಂದರೆ ಗೆಳೆಯ. ಇಂದು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ನಮ್ಮ ಮುಯ್ಯಾಳಿನಂತೆಯೇ. ಇದರ ಮೇಲೆ ನಿಂತ ಯೋಜನೆಗಳು, ಉದಾಹರಣೆಗೆ ಊರೇ ಮರ ಕಡಿದು ಮರಳು ಹೊತ್ತು ಕಟ್ಟಿದ ಶಾಲೆ, ಗಟ್ಟಿಯಾಗಿ ನಿಲ್ಲುತ್ತವೆ. ಚಂಡಮಾರುತದ ನಂತರ ಕೆಲಸಕ್ಕೆ ಪ್ರತಿಯಾಗಿ ಆಹಾರ ಕೊಡುವ ಕಾರ್ಯಕ್ರಮಗಳು ಬಂದಾಗ ಬೇರೆಯೇ ಪೆಟ್ಟು ಬೀಳುತ್ತದೆ. ಹಸಿವಿಗೆ ಅದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಯ್ಯಿಗೆ ಒಮ್ಮೆ ಅಳತೆ ಬಂತೆಂದರೆ ಮುಂದಿನ ಸಲ ನೆರೆಯವನ ಬೇಲಿ ಕಟ್ಟುವಾಗಲೂ ಎಷ್ಟು ಅಕ್ಕಿ ಎಂಬ ಪ್ರಶ್ನೆ ಏಳುತ್ತದೆ.

ಕೃಷಿಯಲ್ಲಿ ಹೊರಗಿನವರು ಮುಗ್ಗರಿಸುವುದು ಹೀಗೆ: ಕರಾವಳಿಯ ಹಳ್ಳಿಗಳು ನಿಂತಿರುವುದು ಹುಳಿಮಣ್ಣಿನ, ಪೈನ್ ಮರಗಳ ಬಯಲಿನಲ್ಲಿ, ಅಲ್ಲಿ ಹುಲ್ಲು ಬಿಟ್ಟರೆ ಹೆಚ್ಚೇನೂ ಬೆಳೆಯದು. ಫಲವತ್ತಾದ ನೆಲ ಇರುವುದು ನದಿಯ ಏರಿಯಲ್ಲಿ, ಗಂಟೆಗಟ್ಟಲೆ ದೋಣಿಯ ಹಾದಿಯಲ್ಲಿ. ಕುಟುಂಬಗಳು ಬಿತ್ತನೆಗೂ ಕೊಯ್ಲಿಗೂ ಅಲ್ಲಿಗೆ ಹೋಗಿ ವಾರಗಟ್ಟಲೆ ಗುಡಿಸಲಿನಲ್ಲಿ ಉಳಿಯುತ್ತವೆ. ವಾಂಗ್ಕಿಯ ದಡದಲ್ಲಿ ನೆರೆ ಇಳಿದ ಮೇಲೆ ಉಳಿಯುವ ಮೆಕ್ಕಲು ಮಣ್ಣಿನಲ್ಲಿ ಬೀನ್ಸ್ ಬಿತ್ತುತ್ತಾರೆ. ಇದನ್ನು ನೋಡದವರು ಚರ್ಚಿನ ಪಕ್ಕದಲ್ಲೇ ಮಾದರಿ ತೋಟ ಮಾಡಿ, ಫೋಟೊ ತೆಗೆದು ಕಳುಹಿಸುತ್ತಾರೆ. ಆ ತೋಟದಲ್ಲಿ ಬೆಳೆಯುವುದು ಆ ಫೋಟೊ ಮಾತ್ರ.

ಕುಡಿಯುವ ನೀರಿನಲ್ಲಿ ಪಾಠ ಇನ್ನೂ ಸ್ಪಷ್ಟ. ನದಿಯೇ ಸ್ನಾನಕ್ಕೆ, ಬಟ್ಟೆಗೆ, ಕುಡಿಯಲು. ಮೇಲ್ದಂಡೆಯಲ್ಲಿ ಊರುಗಳಿವೆ, ದನಗಳಿವೆ, ಕೆಲವು ನದಿಗಳ ಮೇಲ್ಭಾಗದಲ್ಲಿ ಚಿನ್ನದ ಗಣಿಗಳೂ ಇವೆ. ಮಕ್ಕಳ ಭೇದಿ ನಿಲ್ಲಬೇಕಾದರೆ ಮುಚ್ಚಿದ ಬಾವಿ ಬೇಕು. ಹೊರದೇಶದಿಂದ ತಂದ ಕೈಪಂಪು ಮೊದಲೆರಡು ವರ್ಷ ಚೆನ್ನಾಗಿ ನಡೆಯುತ್ತದೆ. ಆಮೇಲೆ ಒಳಗಿನ ರಬ್ಬರ್ ವಾಷರ್ ಸವೆಯುತ್ತದೆ. ಅಂಗೈಯಲ್ಲಿ ಹಿಡಿಯುವ ಆ ತುಂಡು ಸಿಗುವುದು ರಾಜಧಾನಿಯಲ್ಲಿ, ಅದನ್ನು ತರಲು ಬೇಕಾದ ಪೆಟ್ರೋಲಿನ ಬೆಲೆ ಯಾರ ಕೈಯಲ್ಲೂ ಇಲ್ಲ.

ನಿಕರಾಗುವಾ ಇದಕ್ಕೆ ಕಂಡುಕೊಂಡ ಉತ್ತರ ಹಗ್ಗದ ಪಂಪು. ನಮ್ಮ ರಾಟೆ ಬಾವಿಯನ್ನು ಬಲ್ಲವರಿಗೆ ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಅರ್ಥವಾಗುತ್ತದೆ. ಬಾವಿಯ ತಳಕ್ಕೆ ಒಂದು ಪ್ಲಾಸ್ಟಿಕ್ ಕೊಳವೆ ಇಳಿಬಿಡುತ್ತಾರೆ. ಅದರೊಳಗಿಂದ ಒಂದು ಹಗ್ಗ ಮೇಲೆ ಬಂದು, ಚಕ್ರದ ಮೇಲೆ ಹಾದು, ಹೊರಗಿನಿಂದ ಮತ್ತೆ ತಳಕ್ಕಿಳಿದು ಕೊಳವೆಯನ್ನು ಸೇರುತ್ತದೆ. ಕೊನೆಮೊದಲಿಲ್ಲದ ಮಾಲೆ ಅದು. ಹಗ್ಗದ ಉದ್ದಕ್ಕೂ ಕೊಳವೆಯ ಒಳ ಅಳತೆಗೆ ಸರಿಯಾಗಿ ಸಣ್ಣ ಬಿಲ್ಲೆಗಳನ್ನು ಕಟ್ಟಿರುತ್ತಾರೆ. ಹಿಡಿ ತಿರುಗಿಸಿದರೆ ಪ್ರತಿ ಬಿಲ್ಲೆಯೂ ತನ್ನ ಮೇಲಿನ ನೀರನ್ನು ಹೊತ್ತು ತರುತ್ತದೆ. ಚಕ್ರ ಮಾಡುವುದು ಹಳೆಯ ಟಯರಿನ ಅಂಚು ಕತ್ತರಿಸಿ. ಹಗ್ಗ ಹರಿದರೆ ದೋಣಿ ಕಟ್ಟುವ ಹಗ್ಗವೂ ಆದೀತು. ಪಂಪು ಕೆಡುತ್ತದೆ, ಆಗಾಗ ಕೆಡುತ್ತದೆ, ಆದರೆ ಕೆಟ್ಟದ್ದನ್ನು ಊರಿನ ಹೆಂಗಸರೇ ಮಧ್ಯಾಹ್ನದೊಳಗೆ ಸರಿಮಾಡಬಲ್ಲರು. ಎಂದೂ ಕೆಡದ ಯಂತ್ರಕ್ಕಿಂತ ಇದು ಅಲ್ಲಿಗೆ ಮೇಲು. 2010ರ ಕಾನೂನೊಂದು ನಿಕರಾಗುವಾದ ಹಳ್ಳಿಗಳ ನೀರಿನ ಸಮಿತಿಗಳಿಗೆ ಅಧಿಕೃತ ಮನ್ನಣೆಯನ್ನೂ ಕೊಟ್ಟಿತು. ಅಷ್ಟಾದರೂ ದೊಡ್ಡ ನೆರೆ ಬಂದಾಗ ಕಟ್ಟೆ ಎತ್ತರವಿಲ್ಲದ ಬಾವಿಗಳಿಗೆಲ್ಲ ಕೆಸರು ತುಂಬುತ್ತದೆ, ಮತ್ತೆ ತೋಡಿ ತೆಗೆದು ಸುಣ್ಣವೋ ಕ್ಲೋರಿನ್ನೋ ಹಾಕಬೇಕು.

ದಶಕಗಳಿಂದ ಕಟ್ಟಿದ್ದು ಹಿಂದೊಮ್ಮೆ ಒಂದೇ ಚಳಿಗಾಲದಲ್ಲಿ ಹೋದದ್ದೂ ಉಂಟು. 1979ರಲ್ಲಿ ನಿಕರಾಗುವಾದ ಸರ್ವಾಧಿಕಾರವನ್ನು ಉರುಳಿಸಿದ ಎಡಪಂಥೀಯ ಸ್ಯಾಂಡಿನಿಸ್ಟಾ ಕ್ರಾಂತಿಯ ಬಳಿಕ ಹೊಸ ಸರ್ಕಾರಕ್ಕೂ ಮಿಸ್ಕಿಟೊ ನಾಯಕರಿಗೂ ಮೊದಲು ಸ್ನೇಹವಿತ್ತು, ಮಾತೃಭಾಷೆಯಲ್ಲಿ ಅಕ್ಷರ ಅಭಿಯಾನವೂ ನಡೆಯಿತು. 1981ರ ಫೆಬ್ರವರಿಯಲ್ಲಿ ಪ್ರಿನ್ಸಾಪೋಲ್ಕದ ಮೊರೇವಿಯನ್ ಚರ್ಚಿನಲ್ಲಿ ಜನ ಸೇರಿದ್ದಾಗ ನಾಯಕನೊಬ್ಬನನ್ನು ಹಿಡಿಯಲು ಸೈನಿಕರು ಒಳನುಗ್ಗಿದರು. ಎರಡೂ ಕಡೆ ನಾಲ್ಕು ನಾಲ್ಕು ಜನ ಸತ್ತರು. ಸಭೆ ಸೇರುವ ಜಾಗ ಊರಿಗೆ ಒಂದೇ, ಅದು ಚರ್ಚು. ಹಾಗಾಗಿ ಗುಂಡು ಹಾರಿದ್ದೂ ಅಲ್ಲೇ. ಆ ವರ್ಷದ ಕೊನೆಗೆ ಗಡಿಯಲ್ಲಿ, ಸರ್ಕಾರದ ವಿರುದ್ಧ ಬಂದೂಕು ಹಿಡಿದ ಕಾಂಟ್ರಾಗಳ ಯುದ್ಧ ಹೊತ್ತಿತು. ಬಿಲ್ವಾಸ್‌ಕರ್ಮದ ಆಸ್ಪತ್ರೆಯಿಂದ ಕಾಂಟ್ರಾಗಳು ಅಪಹರಿಸಿದವರಲ್ಲಿ ಮಿರ್ನಾ ಕನ್ನಿಂಗ್‌ಹ್ಯಾಮ್ ಎಂಬ ಮಿಸ್ಕಿಟೊ ವೈದ್ಯೆಯೂ ಇದ್ದರು. ಮುಂದೆ ಅವರು ಕರಾವಳಿಯ ವಿಶ್ವವಿದ್ಯಾಲಯವೊಂದನ್ನು ಕಟ್ಟಿ, ವಿಶ್ವಸಂಸ್ಥೆಯ ಮೂಲನಿವಾಸಿ ವೇದಿಕೆಯ ಅಧ್ಯಕ್ಷರಾದರು. 1982ರ ಆರಂಭದಲ್ಲಿ ಸೇನೆ ನದಿದಂಡೆಯ ಸುಮಾರು 8,500 ಜನರನ್ನು ಒಳನಾಡಿಗೆ ಸಾಗಿಸಿತು. ಹಳ್ಳಿಗಳನ್ನು ಸುಟ್ಟಿತು, ದನಗಳನ್ನು ಕೊಂದಿತು, ಹಣ್ಣಿನ ಮರಗಳನ್ನು ಕಡಿಯಿತು. ಹೊಸ ಶಿಬಿರಕ್ಕೆ ಇಟ್ಟ ಹೆಸರು ತಸ್ಬಾ ಪ್ರೀ, ಅಂದರೆ ಸ್ವತಂತ್ರ ನೆಲ! ಸುಮಾರು ಹತ್ತು ಸಾವಿರ ಜನ ನದಿ ದಾಟಿ ಹೊಂಡುರಾಸ್‌ಗೆ ಓಡಿದರು. 1983ರ ಡಿಸೆಂಬರಿನಲ್ಲಿ ಫ್ರಾನ್ಸಿಯಾ ಸಿರ್ಪಿ ಎಂಬ ಊರಿನವರು ಗಡಿಯತ್ತ ಹೊರಟಾಗ ಕ್ಯಾಥೊಲಿಕ್ ಬಿಷಪ್ ಸಾಲ್ವಡೋರ್ ಶ್ಲೇಫರ್ ಅವರ ಜೊತೆಗೇ ಕಾಡಿನಲ್ಲಿ ನಡೆದರು. 1988ರ ಶಾಂತಿ ಮಾತುಕತೆಗೆ ಮಧ್ಯಸ್ಥರಾದವರು ಮೊರೇವಿಯನ್ ಮುಖಂಡರು.

ನದಿಯಾಚೆ ನಿರಾಶ್ರಿತರಿದ್ದ ಅದೇ ದಿನಗಳಲ್ಲಿ, 1985ರಲ್ಲಿ, ಹೊಂಡುರಾಸಿನ ಮೊಸ್ಕಿಟಿಯಾದಲ್ಲಿ ಕ್ರೈಸ್ತ ನೆರವಿನಿಂದ ಮೊಪಾವಿ ಎಂಬ ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಹೆಸರಿನಲ್ಲೇ ಮೊಸ್ಕಿಟಿಯಾದ ಬೆಳವಣಿಗೆ ಎಂಬ ಅರ್ಥವಿದೆ. ಬೀಜ, ಸಾಲ, ಆರೋಗ್ಯ ಎಂದು ಶುರುವಾದ ಕೆಲಸ ಕೆಲವೇ ವರ್ಷಗಳಲ್ಲಿ ಒಂದು ಗೋಡೆಗೆ ಬಡಿಯಿತು. ಚಾಕೊಲೇಟಿಗೆ ಬೀಜ ಕೊಡುವ ಕೋಕೋ ಗಿಡ ಫಲ ಕೊಡಲು ವರ್ಷಗಳು ಬೇಕು, ಅಷ್ಟರೊಳಗೆ ಆ ಜಾಗಕ್ಕೆ ದನ ಮೇಯಿಸುವ ವಲಸಿಗ ಬೇಲಿ ಹಾಕಿದರೆ ಗಿಡ ಯಾರದ್ದು? ಊರಿನವರ ಬಳಿ ಕಾಗದವಿಲ್ಲ. ಸರ್ಕಾರದ ನಕ್ಷೆಯಲ್ಲಿ ಅವರ ಕಾಡು ಖಾಲಿ ಜಾಗ. ಆಗ ಮೊಪಾವಿ, ಮಾಸ್ತಾ ಎಂಬ ಮಿಸ್ಕಿಟೊ ಒಕ್ಕೂಟದ ಜೊತೆ ಸೇರಿ ನಕ್ಷೆ ಬರೆಯಲು ಇಳಿಯಿತು. ಊರೂರಿನಿಂದ ಆಯ್ದ ಯುವಕರು ಮನೆಮನೆಗೆ ಹೋಗಿ ಎಲ್ಲಿ ಬೇಟೆ, ಎಲ್ಲಿ ಮೀನು, ಎಲ್ಲಿ ಗದ್ದೆ, ದೋಣಿಗೆ ಮರ ತರುವುದೆಲ್ಲಿ ಎಂದು ಕೇಳಿ ಕೈಯಲ್ಲೇ ನಕ್ಷೆ ಬರೆದರು, ಭೂಗೋಳ ತಜ್ಞರು ಅದನ್ನು ಅಳತೆಗೆ ಕೂರಿಸಿದರು. 1992ರಲ್ಲಿ ಆ ನಕ್ಷೆಯನ್ನು ಸಮಾವೇಶವೊಂದರಲ್ಲಿ ಸರ್ಕಾರದ ಮುಂದೆ ಹಿಡಿದಾಗ ಖಾಲಿ ಜಾಗ ಎಲ್ಲೂ ಇರಲಿಲ್ಲ. ಹಕ್ಕುಪತ್ರ ಕೈಗೆ ಬರಲು ಮತ್ತೆ ಎರಡು ದಶಕ ಹಿಡಿಯಿತು. ನಿಕರಾಗುವಾದಲ್ಲಿ 2003ರ 445ನೇ ಕಾನೂನು ಸಾಮುದಾಯಿಕ ಭೂಮಿಗೆ ಹಕ್ಕುಪತ್ರದ ದಾರಿ ತೆರೆಯಿತು. ಕಾಗದ ಬಂತು, ವಲಸಿಗರೂ ಬಂದರು. ಇಂದಿಗೂ ಬಂದೂಕಿನ ಭಯಕ್ಕೆ ಗದ್ದೆ ಬಿಟ್ಟು ಓಡುವ ಕುಟುಂಬಗಳಿವೆ.

ನೆಲ ಕೈತಪ್ಪಿದವನು ಸಮುದ್ರಕ್ಕೆ ಹೋಗುತ್ತಾನೆ. ಅಮೆರಿಕದ ಊಟದ ಮೇಜಿಗೆ ಹೋಗುವ ಲಾಬ್ಸ್ಟರ್, ಅಂದರೆ ಸಿಗಡಿಯನ್ನು ಹೋಲುವ ಅದಕ್ಕಿಂತ ದೊಡ್ಡ ಜೀವಿ, ಈ ಕರಾವಳಿಯ ಆಳದಲ್ಲಿ ಸಿಗುತ್ತದೆ. ಮಿಸ್ಕಿಟೊ ಯುವಕರು ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಸರಿಯಾದ ತರಬೇತಿಯಾಗಲೀ ಆಳ ತೋರಿಸುವ ಸಾಧನವಾಗಲೀ ಇಲ್ಲದೆ, ದಿನಕ್ಕೆ ಹಲವು ಬಾರಿ ಮುಳುಗುತ್ತಾರೆ. ಆಳದಲ್ಲಿ ರಕ್ತಕ್ಕೆ ಕರಗಿದ ಸಾರಜನಕ, ಬೇಗ ಮೇಲೆ ಬಂದಾಗ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯಾಗುತ್ತದೆ, ಬೆನ್ನುಹುರಿಗೆ ಪೆಟ್ಟಾಗಿ ಕಾಲು ಸೋಲುತ್ತದೆ. ಸಮುದ್ರದ ಒಡತಿ ಲಿವಾ ಮೈರಿನ್ ಮುನಿದು ಹಿಡಿದಳು ಎಂದು ಊರು ಹೇಳುತ್ತದೆ. 2021ರ ಆಗಸ್ಟಿನಲ್ಲಿ ಅಂತರ ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ 42 ಮಿಸ್ಕಿಟೊ ಮುಳುಗುಗಾರರ ಪ್ರಕರಣದಲ್ಲಿ ಹೊಂಡುರಾಸ್ ಸರ್ಕಾರದ ಹೊಣೆಯನ್ನು ಹೇಳಿತು. ಮಿಷನ್ ಕ್ಲಿನಿಕ್ಕುಗಳು ದಶಕಗಳಿಂದ ಈ ಕಾಲುಗಳನ್ನು ನೋಡುತ್ತಲೇ ಇದ್ದವು. ಮುಲಾಮು ಹಚ್ಚಬಲ್ಲವರು, ಗಾಲಿಕುರ್ಚಿ ಕೊಡಬಲ್ಲವರು ಹಡಗಿನ ಮಾಲೀಕನನ್ನು ಪ್ರಶ್ನಿಸುವ ಹೊತ್ತಿಗೆ ಬಹಳ ತಡವಾಗಿತ್ತು ಎಂಬ ದೂರನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ.

ಬೇಸಿಗೆಯ ರಜೆಯಲ್ಲಿ ಒಂದು ವಾರಕ್ಕೆ ಬಂದು ಶಾಲೆಗೆ ಬಣ್ಣ ಬಳಿದು ಹೋಗುವ ವಿದೇಶಿ ತಂಡಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅವರ ವಿಮಾನದ ಟಿಕೆಟ್ಟಿನ ಹಣದಲ್ಲಿ ಒಬ್ಬ ನರ್ಸ್‌ಗೆ ಎಷ್ಟು ತಿಂಗಳ ಸಂಬಳವಾಗುತ್ತದೆ ಎಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಆದರೆ ಚಂಡಮಾರುತದ ರಾತ್ರಿ ಬೇರೆಯೇ ಮಾತು. 2007ರ ಸೆಪ್ಟೆಂಬರಿನಲ್ಲಿ ಫೆಲಿಕ್ಸ್ ಐದನೇ ದರ್ಜೆಯ ಬಲದಿಂದ ಗಡಿಯ ದಕ್ಷಿಣಕ್ಕೆ ಅಪ್ಪಳಿಸಿತು. 2020ರ ನವೆಂಬರಿನಲ್ಲಿ ಈಟಾ ಬಂದ ಹದಿಮೂರನೇ ದಿನಕ್ಕೆ, ಬಹುತೇಕ ಅದೇ ಜಾಗದಲ್ಲಿ, ಹಾಲೋವರ್ ಹಳ್ಳಿಯ ಬಳಿ ಅಯೋಟಾ ನೆಲಕ್ಕೆ ಬಂತು. ಮೊದಲನೆಯದಕ್ಕೆ ಮಾಡು ಹೋಗಿತ್ತು, ಎರಡನೆಯದಕ್ಕೆ ಮನೆಯೇ ಹೋಯಿತು. ಅಂಥ ಹೊತ್ತಿನಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮುದುಕ ನಡೆಯಲಾರ ಎಂದು ಬಲ್ಲವರು ದೂರದ ಪರಿಹಾರ ಕಚೇರಿಯಲ್ಲಿ ಇರುವುದಿಲ್ಲ, ಚರ್ಚಿನ ಹೆಂಗಸರ ಸಂಘದಲ್ಲಿ ಇರುತ್ತಾರೆ. ಅಕ್ಕಿ ಹಂಚುವ ಪಟ್ಟಿಯನ್ನು ಬರೆಯಬಲ್ಲವರೂ ಅವರೇ. ಪಟ್ಟಿಯಲ್ಲಿ ತಮ್ಮವರನ್ನು ಮೊದಲು ಬರೆಯುವ ಪಾಸ್ಟರ್ ಇಲ್ಲವೆಂದಲ್ಲ. ಹಾಗಾದಾಗ ಊರು ಅವನ ಪ್ರವಚನಕ್ಕೆ ಬೆನ್ನು ತಿರುಗಿಸಬಹುದು, ಮುಂದಿನ ವಾರವೂ ಅವನು ಅದೇ ಊರಿನಲ್ಲಿ ಬದುಕಬೇಕು. ದೂರದ ಕಚೇರಿಗೆ ಆ ಹೆದರಿಕೆ ಇಲ್ಲ.

1974ರಿಂದಲೇ ನಿಕರಾಗುವಾದ ಮೊರೇವಿಯನ್ ಸಭೆಯ ಆಡಳಿತ ಸ್ಥಳೀಯರ ಕೈಯಲ್ಲಿದೆ. ಬಿಳಿಯ ಮಿಷನರಿಯ ಕಥೆ ಮುಗಿದು ಅರ್ಧ ಶತಮಾನವಾಯಿತು. ಈಚೆಗೆ ಒತ್ತಡ ಬಂದಿರುವುದು ಮತ್ತೊಂದು ದಿಕ್ಕಿನಿಂದ. 2023ರ ಸೆಪ್ಟೆಂಬರಿನಲ್ಲಿ ಮಿಸ್ಕಿಟೊ ನಾಯಕ ಬ್ರೂಕ್ಲಿನ್ ರಿವೇರಾ ಬಂಧನಕ್ಕೊಳಗಾದರು, ಮರು ತಿಂಗಳೇ ಅವರ ಯತಾಮಾ ಪಕ್ಷದ ಮಾನ್ಯತೆ ರದ್ದಾಯಿತು. 2024ರ ಆಗಸ್ಟ್ 19ರಂದು ಸರ್ಕಾರ ಒಂದೇ ಆದೇಶದಲ್ಲಿ 1,500 ಸಂಸ್ಥೆಗಳ ಕಾನೂನು ಮಾನ್ಯತೆಯನ್ನು ಕಿತ್ತುಹಾಕಿತು. ಅವುಗಳಲ್ಲಿ 1849ರಲ್ಲಿ ಬಂದಿಳಿದ ಮೊರೇವಿಯನ್ ಸಭೆಯೂ ಒಂದು. ಕಾಗದದ ಮೇಲೆ ಅದಕ್ಕೀಗ ಬ್ಯಾಂಕ್ ಖಾತೆ ಇರಲಾರದು, ಆಸ್ತಿ ಇರಲಾರದು, ಹೊರಗಿನಿಂದ ಒಂದು ಪೆಟ್ಟಿಗೆ ಔಷಧ ತರಿಸುವ ಅಧಿಕಾರ ಇರಲಾರದು. ವಾಂಗ್ಕಿಯ ಹಳ್ಳಿಯಲ್ಲಿ ಮಾತ್ರ ಚರ್ಚು ನಿಂತಿರುವ ನೆಲ ಊರಿನದ್ದು, ಹಲಗೆ ಕೊಯ್ದದ್ದು ಊರಿನವರು, ಅದರ ಬಾಗಿಲಿನ ಬೀಗದಕೈ ನೇತಾಡುತ್ತಿರುವುದು ಯಾವುದೋ ಅಜ್ಜಿಯ ಅಡುಗೆಮನೆಯ ಮೊಳೆಯಲ್ಲಿ.